ದೃಷ್ಟಿ ಕಳೆದುಕೊಂಡ ಗಿನಿ ಪಿಗ್: ಆರೈಕೆಯ ಒಂದು ಅನುಭವ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪ್ರತಿ ವರ್ಷ ಈ ವೇದಿಕೆಯಿಂದ ಬಲ್ಲವರು ವಿದ್ಯೆಯ ಮಹತ್ವ, ಸ್ಪರ್ಧಾತ್ಮಕ ಪರೀಕ್ಷೆಗಳು, ಹೆಣ್ಣುಮಕ್ಕಳ ಶಿಕ್ಷಣ ಮುಂತಾದ ವಿಷಯಗಳ ಮೇಲೆ ಮಾತನಾಡುತ್ತಾರೆ. ಈ ಸಲ ನನ್ನನ್ನು ಕರೆದು, "ನಿಮಗೆ ಇಷ್ಟವಾದ ವಿಷಯ ಆರಿಸಿಕೊಳ್ಳಿ" ಎಂದರು. ನಾನು ಆರಿಸಿಕೊಂಡ ವಿಷಯ ಕೇಳಿ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ನಕ್ಕುಬಿಟ್ಟರು. ನೀವೂ ನಕ್ಕರೆ ನನಗೆ ಬೇಸರವಿಲ್ಲ. ಆದರೆ ಕೊನೆಯವರೆಗೂ ಕೇಳಿ ಎಂಬುದಷ್ಟೇ ನನ್ನ ವಿನಂತಿ. ನನ್ನ ವಿಷಯ, ನಮ್ಮ ಮನೆಯಲ್ಲಿರುವ ಕಣ್ಣು ಕಾಣದ ಒಂದು ಗಿನಿ ಪಿಗ್.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಐದಾರು ವರ್ಷಗಳ ಹಿಂದೆ ಮಗಳ ಹಠಕ್ಕೆ ಮಣಿದು ಎರಡು ಗಿನಿ ಪಿಗ್ ಮರಿಗಳನ್ನು ತಂದೆವು. ನಮ್ಮ ಅತ್ತೆಯವರು, ಅಂದರೆ ಮಕ್ಕಳ ದಾದಿ, ಹೆಸರು ಕೇಳಿದವರೇ ಬಾಗಿಲಲ್ಲಿ ಅಡ್ಡ ನಿಂತರು. "ಹಂದಿಯನ್ನು ಮನೆಯೊಳಗೆ ತರುತ್ತೀರಾ?" ಎಂದು ಕೇಳಿದರು. ಇದು ಹಂದಿಯಲ್ಲ, ಇಲಿ-ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ ಪ್ರಾಣಿ, ಹುಲ್ಲು ಸೊಪ್ಪು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಆಫ್ರಿಕಾದ ಗಿನಿ ದೇಶಕ್ಕೂ ಇದಕ್ಕೂ ನಂಟಿಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಪೆರು, ಬೊಲಿವಿಯಾ ಕಡೆಯ ಜನ ಸಾವಿರಾರು ವರ್ಷಗಳಿಂದ ಇದನ್ನು ಸಾಕುತ್ತ ಬಂದಿದ್ದಾರೆ. 16ನೇ ಶತಮಾನದಲ್ಲಿ ಇದು ಯುರೋಪಿಗೆ ಹೋಯಿತು. ಆ ಮರಿಗಳಿಗೆ ಮಗಳು ಮುನ್ನಿ, ಚುನ್ನಿ ಎಂದು ಹೆಸರಿಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ದಾದಿಯೇ ಬೆಳಿಗ್ಗೆ ಎದ್ದು ಅವುಗಳಿಗೆ ಕೊತ್ತಂಬರಿ ಸೊಪ್ಪು ಹಾಕತೊಡಗಿದರು.

ಮಕ್ಕಳೇ, ಬೆಕ್ಕಿನ ಮರಿ ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆಂದು ನಿಮಗೆ ಗೊತ್ತು. ಗಿನಿ ಪಿಗ್ ಮರಿ ಹಾಗಲ್ಲ. ಮೈತುಂಬ ಕೂದಲು, ಬಾಯಲ್ಲಿ ಹಲ್ಲು, ತೆರೆದ ಕಣ್ಣು, ಇಷ್ಟನ್ನೂ ಪಡೆದುಕೊಂಡೇ ಹುಟ್ಟುತ್ತದೆ. ಅಂಥ ಪ್ರಾಣಿಗೆ ನಾಲ್ಕನೇ ವರ್ಷಕ್ಕೆ ಕಣ್ಣು ಹೋಯಿತು. ಅದು ಹೋದದ್ದು ನಮಗೆ ಎಷ್ಟೋ ವಾರಗಳ ಕಾಲ ಗೊತ್ತೇ ಆಗಲಿಲ್ಲ. ನನ್ನ ಮಾತಿನ ಮುಖ್ಯ ವಿಷಯ ಇರುವುದು ಇಲ್ಲಿಯೇ.

ಗೊತ್ತಾಗದಿರಲು ಕಾರಣವಿದೆ. ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿದೊಡನೆ ಮುನ್ನಿ ಎಂದಿನಂತೆ ಕೀಂಯ್ ಕೀಂಯ್ ಎಂದು ಕೂಗುತ್ತಿತ್ತು. ಹುಲ್ಲಿನ ಬುಟ್ಟಿಗೆ ನೇರವಾಗಿ ಹೋಗುತ್ತಿತ್ತು. ಮಲಗುವ ಪೆಟ್ಟಿಗೆಯನ್ನು ತಪ್ಪದೆ ಸೇರುತ್ತಿತ್ತು. ಆ ವರ್ಷ ರಂಜಾನ್ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸಿದೆವು. ಗೂಡನ್ನು ಜರುಗಿಸಿ, ತೊಳೆದು, ಎಲ್ಲವನ್ನೂ ಹೊಸದಾಗಿ ಜೋಡಿಸಿದೆವು. ನೀರಿನ ಬಾಟಲಿ ಮೊದಲು ಎಡಗಡೆ ಇತ್ತು. ಅನುಕೂಲವಾಗಲೆಂದು ನಾನೇ ಅದನ್ನು ಬಲಗಡೆಗೆ ಕಟ್ಟಿದೆ. ಮರುದಿನ ಸಂಜೆ ಮಗಳು ಓಡಿ ಬಂದಳು. "ಅಮ್ಮಿ, ಮುನ್ನಿ ಬರೀ ಕಂಬಿ ನೆಕ್ಕುತ್ತಿದೆ" ಎಂದಳು. ಹೋಗಿ ನೋಡಿದರೆ, ಬಾಟಲಿ ಮೊದಲಿದ್ದ ಜಾಗದಲ್ಲಿ ನಿಂತು ಅದು ಖಾಲಿ ಕಂಬಿಯನ್ನು ನೆಕ್ಕುತ್ತಿತ್ತು. ನೀರು ಎರಡು ಮಾರು ದೂರವೂ ಇರಲಿಲ್ಲ. ಅಡಿಗೆ ಮನೆಯ ತಕ್ಕಡಿಯಲ್ಲಿ ತೂಗಿದಾಗ 900 ಗ್ರಾಂ ಇರಬೇಕಾದದ್ದು 840ಕ್ಕೆ ಇಳಿದಿತ್ತು. ಕಣ್ಣುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡರಲ್ಲೂ ಹಾಲು ಬೆರೆಸಿದಂತೆ ಬಿಳಿ ಪೊರೆ ಕಟ್ಟಿತ್ತು.

ಆಗ ಬಂಧುಗಳಿಂದ ಬಂದ ಸಲಹೆ, "ಯಾರಿಗಾದರೂ ಕೊಟ್ಟುಬಿಡಿ, ಇಲ್ಲ ತೋಟದಲ್ಲಿ ಬಿಟ್ಟುಬಿಡಿ. ಇಲಿಯ ಹಾಗಿದೆ, ಬದುಕಿಕೊಳ್ಳುತ್ತದೆ" ಎಂಬುದು. ಬದುಕುವುದಿಲ್ಲ. ಕಣ್ಣಿದ್ದ ಗಿನಿ ಪಿಗ್ ಕೂಡ ನಮ್ಮ ತೋಟದಲ್ಲಿ ಬೆಕ್ಕು, ನಾಯಿ, ಕಾಗೆಗಳ ನಡುವೆ ಉಳಿಯುವುದು ಕಷ್ಟ. ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಿಸದೆ, ತಾನಾಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಒಂದು ಜೀವವನ್ನು ಗೂಡಿನಲ್ಲಿಟ್ಟ ಕ್ಷಣದಿಂದ ಅದರ ಅನ್ನ-ನೀರಿನ ಹೊಣೆ ನಮ್ಮದು. ಕಣ್ಣು ಹೋದ ಮೇಲೆ ಆ ಹೊಣೆ ಹೆಚ್ಚುತ್ತದೆಯೇ ಹೊರತು ಮುಗಿಯುವುದಿಲ್ಲ.

ನಾವು ಮೊದಲು ತೋರಿಸಿದ ವೈದ್ಯರು ದನ-ಎಮ್ಮೆಗಳ ಚಿಕಿತ್ಸೆಯಲ್ಲಿ ಪಳಗಿದವರು. "ಈ ಪ್ರಾಣಿಯ ಅನುಭವ ನನಗಿಲ್ಲ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ" ಎಂದು ಪ್ರಾಮಾಣಿಕವಾಗಿ ಹೇಳಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಇಂಥ ಕಾಲೇಜುಗಳಿವೆ. ಅಲ್ಲಿಯ ವೈದ್ಯರು ಕಣ್ಣಿಗೆ ಕಿತ್ತಳೆ ಬಣ್ಣದ ಒಂದು ದ್ರವ ಬಿಟ್ಟು ನೀಲಿ ಬೆಳಕಿನಲ್ಲಿ ಪರೀಕ್ಷಿಸಿದರು. ಕಣ್ಣಿನ ಮೇಲೆ ಗಾಯವಿದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದಂತೆ. ಗಾಯವಿರಲಿಲ್ಲ. ಇದು ಕಣ್ಣಿನ ಪೊರೆ, ಇಷ್ಟು ಸಣ್ಣ ಪ್ರಾಣಿಗೆ ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದಲ್ಲ ಎಂದರು. "ಇದಕ್ಕೆ ನೋವಿಲ್ಲ. ಕಣ್ಣಿಲ್ಲದೆಯೂ ಚೆನ್ನಾಗಿ ಬದುಕಬಲ್ಲದು. ನೀವು ಮಾತ್ರ ಅದರ ಮನೆಯನ್ನು ಪದೇ ಪದೇ ಬದಲಾಯಿಸಬೇಡಿ" ಎಂದು ತಿಳಿಸಿದರು. ಆ ಒಂದು ಮಾತು ನಮಗೆ ದಾರಿ ತೋರಿಸಿತು.

ಮನೆಯಲ್ಲಿ ಇಂಥ ಪ್ರಾಣಿ ಇರುವವರಿಗೆ ಉಪಯೋಗವಾಗಲೆಂದು ನಾವು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಜಾಗ. ಹುಲ್ಲು, ನೀರು, ಮಲಗುವ ಪೆಟ್ಟಿಗೆ, ಈ ಮೂರೂ ಇದ್ದಲ್ಲಿಯೇ ಇರಬೇಕು. ಗಿನಿ ಪಿಗ್‌ಗೆ ಕಣ್ಣಿದ್ದಾಗಲೂ ದೂರದ ಅಂದಾಜು ಅಷ್ಟಾಗಿ ಇರುವುದಿಲ್ಲ. ಅದು ಹೆಚ್ಚಾಗಿ ನಂಬುವುದು ಕಿವಿ, ಮೂಗು, ಮೀಸೆ ಮತ್ತು ನೆನಪನ್ನು. ಎರಡು ಪ್ರಾಣಿಗಳಿಗೆ ಸುಮಾರು 4 ಅಡಿ ಉದ್ದ, 2 ಅಡಿ ಅಗಲದ ಒಂದೇ ಅಂತಸ್ತಿನ ಗೂಡು ಸಾಕು. ಏಣಿ, ಮೆಟ್ಟಿಲು, ಅಟ್ಟ ಬೇಡ. ತಂತಿಯ ನೆಲವೂ ಬೇಡ, ಕಾಲಿಗೆ ಹುಣ್ಣಾಗುತ್ತದೆ.

ಎರಡನೆಯದು, ದನಿ. ಮುಟ್ಟುವ ಮೊದಲು ಮಾತನಾಡಿಸಿ. ಮೇಲಿನಿಂದ ಕೈ ಹಾಕಿ ಎತ್ತಬೇಡಿ, ಹದ್ದು ಎರಗಿದಂತೆ ಅದಕ್ಕೆ ಭಯವಾಗುತ್ತದೆ. ಮೊದಲು ಕೈಯನ್ನು ಮೂಗಿಗೆ ಹಿಡಿಯಿರಿ, ಅದು ಮೂಸಿ ಗುರುತಿಸಲಿ. ಆಮೇಲೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ ಇಟ್ಟು ಎತ್ತಿ. ನಮ್ಮ ದಾದಿ ಗೂಡಿನ ಹತ್ತಿರ ಹೋಗುವಾಗ "ಮುನ್ನಿ ಬೇಟಾ" ಎನ್ನುತ್ತಲೇ ಹೋಗುತ್ತಾರೆ. ಈಗ ಆ ದನಿ ಕೇಳಿದರೆ ಸಾಕು, ಮುನ್ನಿ ಮೂತಿ ಎತ್ತಿ ಕಾಯುತ್ತದೆ.

ಮೂರನೆಯದು, ವಾಸನೆ. ಗೂಡು ತೊಳೆಯುವಾಗ ಎಲ್ಲ ಬಟ್ಟೆಯನ್ನೂ ಒಂದೇ ದಿನ ಒಗೆಯಬೇಡಿ. ಒಂದು ಹಳೆಯ ತುಂಡನ್ನು ಉಳಿಸಿ. ಆ ವಾಸನೆಯೇ ಅದಕ್ಕೆ ಮನೆಯ ಗುರುತು.

ನಾಲ್ಕನೆಯದು, ಜೊತೆ. ಗಿನಿ ಪಿಗ್ ಗುಂಪಿನ ಪ್ರಾಣಿ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಇದನ್ನು ಒಂಟಿಯಾಗಿ ಸಾಕುವಂತಿಲ್ಲ. ಚುನ್ನಿಯ ಗೊಣಗುಟ್ಟುವ ಸದ್ದು ಎತ್ತ ಹೋಗುತ್ತದೆಯೋ ಮುನ್ನಿ ಅತ್ತ ಹೋಗುತ್ತದೆ. ಅಂಗಳದಲ್ಲಿ ಹುಲ್ಲಿನ ಮೇಲೆ ಬಿಟ್ಟಾಗ ಅಕ್ಕನ ಪಕ್ಕೆಗೆ ಮೂಗು ತಾಗಿಸಿಕೊಂಡೇ ನಡೆಯುತ್ತದೆ. ಕುರುಡಾಯಿತೆಂದು ಅದನ್ನು ಬೇರೆ ಇಡಲು ನಾನು ಮೊದಲು ಯೋಚಿಸಿದ್ದೆ. ಹಾಗೆ ಮಾಡಿದ್ದರೆ ಅದರ ಎರಡನೇ ಕಣ್ಣನ್ನೂ ನಾನೇ ಕಿತ್ತಂತಾಗುತ್ತಿತ್ತು.

ಐದನೆಯದು, ಆಹಾರ. ಇದರ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಅವು ಸವೆಯಲು ಹುಲ್ಲು ಸದಾ ಬಾಯಿಗೆ ಸಿಗಬೇಕು. ಗರಿಕೆ ಹುಲ್ಲು ಒಳ್ಳೆಯದು. ಒರಟಾದ ಭತ್ತದ ಹುಲ್ಲನ್ನು ಹಾಸಬೇಡಿ, ಕಡ್ಡಿ ಕಣ್ಣಿಗೆ ಚುಚ್ಚುತ್ತದೆ. ಕಣ್ಣಿದ್ದ ಎಷ್ಟೋ ಗಿನಿ ಪಿಗ್‌ಗಳಿಗೆ ಕಣ್ಣಿನ ಗಾಯವಾಗುವುದೇ ಹೀಗೆ. ಇನ್ನೊಂದು ಮುಖ್ಯ ಮಾತು: ನಮ್ಮಂತೆಯೇ ಈ ಪ್ರಾಣಿಯ ದೇಹವೂ ಸಿ ಜೀವಸತ್ವವನ್ನು ತಾನಾಗಿ ತಯಾರಿಸಲಾರದು. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು ದಿನಾಲೂ ಕೊಡಿ. ನೀರಿನಲ್ಲಿ ಮಾತ್ರೆ ಕರಗಿಸಿಟ್ಟರೆ ಅದರ ಸತ್ವ ಬೇಗ ಹಾಳಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೊಡಬೇಡಿ.

ಆರನೆಯದು, ಔಷಧಿ. ಮನೆಯಲ್ಲಿ ಉಳಿದ ಕಣ್ಣಿನ ಹನಿಯನ್ನು ಹಾಕಬೇಡಿ. ಗಾಯವಿದ್ದಾಗ ಸ್ಟಿರಾಯ್ಡ್ ಇರುವ ಹನಿ ಹಾಕಿದರೆ ಕಣ್ಣೇ ಹಾಳಾಗುತ್ತದೆ. ನಾವು ನುಂಗುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಮಾತ್ರೆಗಳು ಇದರ ಕರುಳಿಗೆ ವಿಷ, ಪ್ರಾಣವನ್ನೇ ತೆಗೆಯಬಹುದು. ಮುಖ ತೊಳೆದುಕೊಳ್ಳಲು ಅದರ ಕಣ್ಣಿನಿಂದ ಆಗಾಗ ಸ್ವಲ್ಪ ಬಿಳಿ ದ್ರವ ಬರುವುದು ಸಹಜ. ಆದರೆ ಕಣ್ಣು ಮುಚ್ಚಿಯೇ ಇದ್ದರೆ, ಸದಾ ಸೋರುತ್ತಿದ್ದರೆ, ಊದಿಕೊಂಡರೆ ಅಂದೇ ವೈದ್ಯರಿಗೆ ತೋರಿಸಿ. ಅರ್ಧ ದಿನ ಏನೂ ತಿನ್ನದಿದ್ದರೂ ಕಾಯಬೇಡಿ. ತಂಪು ಪ್ರದೇಶದ ಪ್ರಾಣಿಯಾದ್ದರಿಂದ ನಮ್ಮ ಬೇಸಿಗೆ ಇದಕ್ಕೆ ಅಪಾಯ. ಗೂಡನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಿ.

ಏಳನೆಯದು, ತೂಕ. ನಮ್ಮ ಮಗಳು ಪ್ರತಿ ಶುಕ್ರವಾರ ಎರಡನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಈ ಪ್ರಾಣಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಬಲಹೀನತೆ ಹೊರಗೆ ಕಂಡರೆ ಬೇಟೆಗೆ ಸಿಕ್ಕಿಬೀಳುತ್ತೇನೆಂಬ ಭಯ ಅದರ ರಕ್ತದಲ್ಲೇ ಇದೆ. ಅದು ಹೇಳದ್ದನ್ನು ತಕ್ಕಡಿ ಹೇಳುತ್ತದೆ.

"ಇಷ್ಟು ಸಣ್ಣ ಪ್ರಾಣಿಗೆ ಇಷ್ಟೆಲ್ಲ ಯಾಕೆ?" ಎಂದು ಕೇಳುವವರಿಗೆ ಒಂದು ಮಾತು. ಹಿಂದಿನ ಕಾಲದಲ್ಲಿ ಹಡಗಿನ ನಾವಿಕರು ಸ್ಕರ್ವಿ ರೋಗದಿಂದ ಒಸಡು ಕೊಳೆತು ಸಾಯುತ್ತಿದ್ದರು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು, ಬರೀ ಧಾನ್ಯ ತಿನ್ನಿಸಿದ ಗಿನಿ ಪಿಗ್‌ಗಳಲ್ಲಿ ಅದೇ ರೋಗ ಕಾಣಿಸಿಕೊಳ್ಳುವುದನ್ನೂ ಹಸಿ ತರಕಾರಿ, ಹಣ್ಣಿನಿಂದ ಅದನ್ನು ತಡೆಯಬಹುದೆಂಬುದನ್ನೂ ತೋರಿಸಿಕೊಟ್ಟರು. ಸಿ ಜೀವಸತ್ವದ ಶೋಧಕ್ಕೆ ದಾರಿಯಾದ ಕೆಲಸಗಳಲ್ಲಿ ಇದು ಮುಖ್ಯವಾದದ್ದು. ನಮ್ಮ ಪಾಠ ಪುಸ್ತಕದ ಒಂದು ಸಾಲಿನ ಹಿಂದೆ ಎಷ್ಟೋ ಗಿನಿ ಪಿಗ್‌ಗಳ ಪ್ರಾಣವಿದೆ. ಒಂದು ತುಂಡು ದೊಣ್ಣೆ ಮೆಣಸಿನಕಾಯಿ ಆ ಸಾಲಕ್ಕೆ ಬಡ್ಡಿಯೂ ಆಗಲಾರದು.

ಇನ್ನು ಮಾತು ಮುಗಿಸುವ ಮುನ್ನ ನನ್ನದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಖಾಲಿ ಕಂಬಿಯನ್ನು ನೆಕ್ಕುತ್ತಿದ್ದ ಆ ಮುನ್ನಿಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಉರ್ದು ಪದ್ಯ ಕೇಳಿದರೆ ನಿರರ್ಗಳವಾಗಿ ಹೇಳುತ್ತಿದ್ದಳು, ಕನ್ನಡ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. ಆದರೆ ಬೋರ್ಡಿನ ಮೇಲೆ ಬರೆದುಕೊಟ್ಟದ್ದನ್ನು ಯಾವಾಗಲೂ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಸೋಮಾರಿ ಎಂದು ಅವಳನ್ನು ನಾನು ಎರಡು ಸಲ ಎದ್ದು ನಿಲ್ಲಿಸಿದ್ದೆ. ಮರುದಿನ ಶಾಲೆಗೆ ಹೋದವಳೇ ಪುಸ್ತಕದಲ್ಲಿಲ್ಲದ ಒಂದು ಹೊಸ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಅವಳಿಗೆ ಓದಲು ಹೇಳಿದೆ. ಅವಳು ತಲೆ ತಗ್ಗಿಸಿ ನಿಂತಳು. ಹತ್ತಿರ ಕರೆದು ಮೆಲ್ಲಗೆ ಕೇಳಿದಾಗ, "ಟೀಚರ್, ನನಗೆ ಅಲ್ಲಿ ಬಿಳಿ ಬಿಳಿ ಮಾತ್ರ ಕಾಣುತ್ತದೆ" ಎಂದಳು. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆಂಬ ಭಯ ಅವಳಿಗೆ. ಅವಳೂ ಮುನ್ನಿಯ ಹಾಗೆ, ನೆನಪಿನ ಬಲದಿಂದಲೇ ಎರಡು ವರ್ಷ ನಡೆದಿದ್ದಳು.

ಅವಳ ತಂದೆ-ತಾಯಿಯನ್ನು ಕರೆಸಿ ಮಾತನಾಡಿದೆ. ಕಣ್ಣಿನ ಪರೀಕ್ಷೆಯಾಯಿತು, ಕನ್ನಡಕ ಬಂತು. ಮುನ್ನಿಗೆ ಸಿಗದ ಬೆಳಕು ಅವಳಿಗೆ ಸಿಕ್ಕಿತು. ಅಲ್ಹಮ್ದುಲಿಲ್ಲಾಹ್, ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ.

ಪಾಲಕರೇ, ಶಿಕ್ಷಕ ಬಂಧುಗಳೇ, ಬಾಯಿಬಿಟ್ಟು ಹೇಳಲಾರದವರು ಪ್ರಾಣಿಗಳು ಮಾತ್ರವಲ್ಲ. ನಮ್ಮ ಮನೆ, ತರಗತಿಗಳಲ್ಲಿ ಯಾರಾದರೂ ಖಾಲಿ ಕಂಬಿಯನ್ನು ನೆಕ್ಕುತ್ತಿದ್ದಾರೆಯೇ ಎಂದು ಆಗಾಗ ನಿಂತು ನೋಡಬೇಕು. ವಿದ್ಯಾರ್ಥಿಗಳೇ, ಪ್ರಾಣಿ ಸಾಕುವ ಆಸೆಯಿದ್ದರೆ ಸಾಕಿ. ಆದರೆ ಅಂಗಡಿಯಲ್ಲಿ ಅದರ ಚೆಂದ ನೋಡುವಾಗಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುದಿಯಾಗಿ, ಕಣ್ಣು ಕಾಣದಾದಾಗಲೂ ನಾನು ಪ್ರತಿದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನೀರಿಡುತ್ತೇನೆಯೇ? ಇಡುತ್ತೇನೆ ಎಂಬ ಉತ್ತರ ಬಂದರೆ ಮಾತ್ರ ಮನೆಗೆ ತನ್ನಿ. ನಿಮ್ಮ ತರಗತಿಯಲ್ಲಿ ಬೋರ್ಡು ಕಾಣದ ಗೆಳೆಯ, ಗೆಳತಿ ಇದ್ದರೆ ನಗಬೇಡಿ, ನಮಗೆ ಬಂದು ತಿಳಿಸಿ.

ಮುನ್ನಿ ಇನ್ನೂ ನಮ್ಮೊಂದಿಗಿದೆ. ಕಳೆದ ಶುಕ್ರವಾರ ಅದರ ತೂಕ 890 ಗ್ರಾಂ ಇತ್ತು. ಬಾಟಲಿ ಎಡಗಡೆಯೇ ಇದೆ.