ಕಿರುಚಿತ್ರದ ಸಾಕ್ಷಿ



ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಕಾವ್ಯದ ಪಾಠ ಹೇಳಿ ನಿವೃತ್ತನಾದವನು ನಾನು. ನಿವೃತ್ತಿಯ ಬಳಿಕ ನನಗೆ ಒದಗಿಬಂದ ಕೆಲಸ ಮಾತ್ರ ಪಂಪ ರನ್ನರಿಗೆ ಸಂಬಂಧಪಟ್ಟುದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರಾವಳಿಯ ನಮ್ಮ ಊರಿನಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮೊದಮೊದಲು ಮದುವೆಯ ವೀಡಿಯೊ ತೆಗೆಯುತ್ತಿದ್ದ. ಈಗ ಅಂಗಡಿ, ಕಾರ್ಖಾನೆ, ಆಸ್ಪತ್ರೆಗಳಿಗೆ ಪ್ರಚಾರದ ವೀಡಿಯೊಗಳನ್ನೂ, ಚರ್ಚುಗಳಿಗೆ ಮತ್ತು ಕ್ರೈಸ್ತ ಸೇವಾಸಂಸ್ಥೆಗಳಿಗೆ ಮೂರು ನಾಲ್ಕು ನಿಮಿಷದ ಕಿರುಚಿತ್ರಗಳನ್ನೂ ಮಾಡಿಕೊಡುತ್ತಾನೆ. ಚಿತ್ರದ ಹಿನ್ನೆಲೆಯಲ್ಲಿ ಓದಬೇಕಾದ ಮಾತುಗಳನ್ನು ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಆ ಕೆಲಸ ನನಗೆ ಕಲಿಸಿದ ಪಾಠವೊಂದನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

‘ಪಂಪನನ್ನು ಓದಿಸಿದವರು ಗೇರುಬೀಜದ ಜಾಹೀರಾತು ಬರೆಯುವುದೇ?’ ಎಂದು ಮಿತ್ರರು ನಗುವುದುಂಟು. ನಾನು ಪಂಪನನ್ನೇ ಮುಂದುಮಾಡಿ ಉತ್ತರ ಹೇಳುತ್ತೇನೆ. ಹತ್ತನೆಯ ಶತಮಾನದ ಆ ಮಹಾಕವಿ ತನ್ನ ಧರ್ಮಕ್ಕಾಗಿ ಆದಿಪುರಾಣವನ್ನು ಬರೆದ; ತನ್ನ ಒಡೆಯ ಅರಿಕೇಸರಿಗಾಗಿ ವಿಕ್ರಮಾರ್ಜುನ ವಿಜಯವನ್ನು ಬರೆದು, ಆ ದೊರೆಯನ್ನು ಅರ್ಜುನನೊಡನೆ ಒಂದಾಗಿಸಿ ಹೊಗಳಿದ. ಧರ್ಮದ ಕೆಲಸ ಒಂದು, ಧಣಿಯ ಕೆಲಸ ಇನ್ನೊಂದು. ಎರಡೂ ಒಂದೇ ಲೇಖನಿಯಿಂದ ಬಂದವು, ಎರಡೂ ಕಾವ್ಯಗಳಾಗಿ ಉಳಿದವು. ಅದೇಕೆ ಉಳಿದವೆಂಬ ಪ್ರಶ್ನೆಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಪರರಿಗಾಗಿ ಚಿತ್ರ ತೆಗೆಯುವುದು ಕೀಳು ಕಸುಬೆಂದು ಬಗೆಯುವವರು ಚಲನಚಿತ್ರದ ಹುಟ್ಟನ್ನು ಒಮ್ಮೆ ನೋಡಬೇಕು. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸಹೋದರರು ಹಣಕೊಟ್ಟು ಬಂದ ಪ್ರೇಕ್ಷಕರಿಗೆ ತೋರಿಸಿದ ತುಣುಕುಗಳಲ್ಲಿ ಒಂದು, ಅವರ ಸ್ವಂತ ಕಾರ್ಖಾನೆಯ ಬಾಗಿಲಿನಿಂದ ಕೆಲಸಗಾರರು ಹೊರಬರುವ ದೃಶ್ಯ. ಮರುವರ್ಷ, 1896ರಲ್ಲಿ, ಲೂಮಿಯೇರ್ ಯಂತ್ರವನ್ನು ಸ್ವಿಟ್ಜರ್ಲೆಂಡಿನಲ್ಲಿ ಪ್ರದರ್ಶಿಸುತ್ತಿದ್ದ ಲಾವಾಂಶಿ ಕ್ಲಾರ್ಕ್ ಎಂಬಾತ ಹೆಂಗಸರು ಬಟ್ಟೆ ಒಗೆಯುವುದನ್ನು ಚಿತ್ರಿಸಿದ. ಅವರ ಮುಂದೆ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಹೆಸರು ಕಾಣುವಂತೆ ಕುಳಿತಿದ್ದವು. ಆತ ಆ ಸಾಬೂನಿನ ಪ್ರಚಾರಕನೂ ಆಗಿದ್ದ. ಚಲನಚಿತ್ರಕ್ಕೆ ಮಾತು ಬರುವ ಮೊದಲೇ ಜಾಹೀರಾತು ಬಂದಿತ್ತು.

ಧರ್ಮವೂ ಬಹಳ ಹಿಂದೆ ಉಳಿಯಲಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಗೆ ಲೈಮ್‌ಲೈಟ್ ವಿಭಾಗವೆಂಬ ಚಿತ್ರಶಾಲೆಯೇ ಇತ್ತು. 1900ರ ಸೆಪ್ಟೆಂಬರ್ 13ರಂದು ಅವರು ಮೆಲ್ಬರ್ನಿನ ಪುರಭವನದಲ್ಲಿ ಆದಿ ಕ್ರೈಸ್ತ ಹುತಾತ್ಮರ ಕಥೆಯನ್ನು ಗಾಜಿನ ಸ್ಲೈಡುಗಳು, ಚಲಿಸುವ ತುಣುಕುಗಳು, ಸಂಗೀತ ಮತ್ತು ಉಪನ್ಯಾಸಗಳ ಮೂಲಕ ತೋರಿಸಿದರು. 1901ರ ಜನವರಿ 1ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯ ಒಕ್ಕೂಟದ ಉದ್ಘಾಟನೆಯನ್ನು ಸರಕಾರಕ್ಕಾಗಿ ಚಿತ್ರಿಸಿದವರೂ ಅವರೇ. ಅಂದರೆ ಸ್ವಂತ ನಂಬಿಕೆಗೆ ಚಿತ್ರ ತೆಗೆಯುವವರು ಪರರ ಕೆಲಸವನ್ನೂ ವಹಿಸಿಕೊಂಡಿದ್ದರು. 1910ರಲ್ಲಿ ಆ ವಿಭಾಗ ಮುಚ್ಚಿಹೋಯಿತು. ಚಲನಚಿತ್ರ ಜನರ ಮನಸ್ಸನ್ನು ಹಗುರವಾಗಿಸುತ್ತದೆಂಬ ಅಳುಕು ಸಂಸ್ಥೆಯ ಹಿರಿಯರನ್ನು ಕಾಡಿತ್ತು.

ಸರಿಸುಮಾರು ಅದೇ ಕಾಲಕ್ಕೆ ಮುಂಬಯಿಯಲ್ಲಿ ದಾದಾಸಾಹೇಬ ಫಾಲ್ಕೆಯವರು ಕ್ರಿಸ್ತನ ಜೀವನದ ಚಿತ್ರವೊಂದನ್ನು ನೋಡಿದರು. ತೆರೆಯ ಮೇಲೆ ಕ್ರಿಸ್ತ ನಡೆದಾಡುತ್ತಿದ್ದರೆ ಅವರ ಮನಸ್ಸಿನ ಮುಂದೆ ರಾಮಕೃಷ್ಣರು ಸುಳಿದರೆಂದು ಅವರೇ ಬರೆದಿದ್ದಾರೆ. 1912ರಲ್ಲಿ ಲಂಡನ್ನಿಗೆ ಹೋಗಿ ಕೆಲಸ ಕಲಿತು, ಕ್ಯಾಮರಾ ತಂದರು. ಆದರೆ ಬಂಡವಾಳ ಹಾಕುವವರಾರು? ಫಾಲ್ಕೆ ಕುಂಡದಲ್ಲಿ ಬಟಾಣಿ ಕಾಳು ಬಿತ್ತಿ, ಅದರ ಮುಂದೆ ಕ್ಯಾಮರಾ ನಿಲ್ಲಿಸಿ, ದಿನಗಳುದ್ದಕ್ಕೂ ಬಿಡಿ ಬಿಡಿ ಚೌಕಟ್ಟುಗಳಾಗಿ ಚಿತ್ರ ತೆಗೆದರು. ತೆರೆಯ ಮೇಲೆ ಕಾಳು ಕಣ್ಣೆದುರಿಗೇ ಮೊಳೆತು ಗಿಡವಾಯಿತು. ಹಣವುಳ್ಳವರು ನೋಡಿ ಬೆರಗಾದರು, ಸಾಲ ಹುಟ್ಟಿತು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ನಮ್ಮ ಸಿನಿಮಾಕ್ಕೆ ಪ್ರೇರಣೆ ಒಂದು ಧಾರ್ಮಿಕ ಚಿತ್ರ. ಬಂಡವಾಳ ತಂದುದು ಒಂದು ಪ್ರಚಾರದ ಕಿರುಚಿತ್ರ. ಆ ಕಿರುಚಿತ್ರದಲ್ಲಿ ಸುಳ್ಳಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕಾಳು ನಿಜವಾಗಿಯೂ ಮೊಳೆತಿತ್ತು.

ನಮ್ಮ ಕರಾವಳಿಗೂ ಧರ್ಮ ಮತ್ತು ಉದ್ಯಮಗಳ ಈ ಜೋಡಿ ಹೊಸತಲ್ಲ. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದ ಬಾಸೆಲ್ ಮಿಶನ್ನೇ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಆದ್ದರಿಂದ ನನ್ನ ವಿದ್ಯಾರ್ಥಿ ಬೆಳಗ್ಗೆ ಕಾರ್ಖಾನೆಗೂ ಸಂಜೆ ಚರ್ಚಿಗೂ ಕ್ಯಾಮರಾ ಹೊತ್ತು ನಡೆದರೆ ನನಗೆ ವಿಚಿತ್ರವೆನಿಸುವುದಿಲ್ಲ.

ಈ ಚಿತ್ರಗಳ ಕಟ್ಟಡ ಬಹಳ ಸರಳ. ವ್ಯಾಪಾರಿಯ ಚಿತ್ರದಲ್ಲಿ ಮೊದಲು ಗ್ರಾಹಕನ ತೊಂದರೆ, ಆಮೇಲೆ ಸರಕು, ಕೊನೆಗೆ ಸಂತೋಷ. ಸೇವಾಸಂಸ್ಥೆಯ ಚಿತ್ರದಲ್ಲಿ ಮೊದಲು ದುಃಖ, ಆಮೇಲೆ ಸಂಸ್ಥೆ, ಕೊನೆಗೆ ನಗು. ನಾಲ್ಕು ನಿಮಿಷದಲ್ಲಿ ಇಷ್ಟೂ ಆಗಬೇಕು. ಕನ್ನಡದ ಪದಗಳು ಉದ್ದ. ನಿಮಿಷಕ್ಕೆ 80-90 ಪದಗಳಿಗಿಂತ ಹೆಚ್ಚು ಬರೆದರೆ ಓದುವವನಿಗೆ ಉಸಿರು ಕಟ್ಟುತ್ತದೆ. ಹೀಗಾಗಿ ಒಂದೊಂದು ಪದವನ್ನೂ ತೂಗಿ ಇಡಬೇಕು. ಎರಡು ಬಗೆಯ ಚಿತ್ರಗಳಿಗೂ ಜೀವಾಳವಾದುದು ಒಬ್ಬ ವ್ಯಕ್ತಿ ಎದುರು ಕುಳಿತು ಹೇಳುವ ಅನುಭವದ ಮಾತು. ಕನ್ನಡ ಕ್ರೈಸ್ತರು ಅದನ್ನು ‘ಸಾಕ್ಷಿ’ ಎನ್ನುತ್ತಾರೆ. ಬಹು ಅರ್ಥವತ್ತಾದ ಪದವಿದು. ‘ಅಕ್ಷಿ’ಯಿಂದ, ಎಂದರೆ ಕಣ್ಣಿನಿಂದ ಹುಟ್ಟಿದ್ದು; ಕಣ್ಣಾರೆ ಕಂಡವನು ಸಾಕ್ಷಿ. ಕ್ಯಾಮರಾವೂ ಒಂದು ಕಣ್ಣೇ. ಆದರೆ ಅದು ಕಂಡುದಕ್ಕೆ ನಾವು ಮಾತು ಜೋಡಿಸುತ್ತೇವಲ್ಲ, ತೊಡಕು ಅಲ್ಲಿ ಹುಟ್ಟುತ್ತದೆ.

ಒಂದು ಗೇರುಬೀಜದ ಕಾರ್ಖಾನೆಯ ಚಿತ್ರೀಕರಣಕ್ಕೆ ನಾನೂ ಹೋಗಿದ್ದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೀಜ ಒಡೆಯುವ ಹೆಂಗಸರಿಗೆ ಅಂದು ಹೊಸ ಕೈಗವಸು ಕೊಟ್ಟಿದ್ದರು. ಒಬ್ಬಾಕೆ ಅದನ್ನು ತಿರುಗಿಸಿ ನೋಡಿ, ‘ಇದು ನಾಳೆಯೂ ಉಂಟಾ, ಅಲ್ಲ ಇವತ್ತು ಮಾತ್ರವಾ?’ ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು; ನಾನೂ ನಕ್ಕೆ. ನನ್ನ ವಿದ್ಯಾರ್ಥಿ ನಗಲಿಲ್ಲ. ಆ ದೃಶ್ಯವನ್ನು ಅವನು ಚಿತ್ರದಲ್ಲಿ ಉಳಿಸಲೂ ಇಲ್ಲ. ಕೈಗವಸು ಮರುದಿನ ಉಳಿಯಿತೋ ಇಲ್ಲವೋ ಎಂದು ನಾನು ವಿಚಾರಿಸಬಹುದಾಗಿತ್ತು, ವಿಚಾರಿಸಲಿಲ್ಲ.

ಇನ್ನೊಂದು ಘಟನೆಯಲ್ಲಿ ತಪ್ಪು ಇನ್ನೂ ಸ್ಪಷ್ಟವಾಗಿ ನನ್ನದೇ. ಒಂದು ಕ್ರೈಸ್ತ ಸೇವಾಸಂಸ್ಥೆ ನಡೆಸುವ ವೃದ್ಧಾಶ್ರಮಕ್ಕಾಗಿ ನಾಲ್ಕು ನಿಮಿಷದ ಚಿತ್ರ. ದಾನಿಗಳಿಗೆ ಕಳುಹಿಸಲು, ವಾರ್ಷಿಕೋತ್ಸವದಲ್ಲಿ ತೋರಿಸಲು. ನಾನು ಅಲ್ಲಿಗೆ ಹೋಗಿರಲಿಲ್ಲ. ತೆಗೆದ ದೃಶ್ಯಗಳನ್ನು ಮನೆಯಲ್ಲಿ ಕುಳಿತು ನೋಡಿದೆ. ಅವುಗಳಲ್ಲಿ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದ ವೃದ್ಧೆಯೊಬ್ಬಳ ದೃಶ್ಯವಿತ್ತು. ಸಂಸ್ಥೆ ಕೊಟ್ಟ ಹಾಳೆಯಲ್ಲಿ ‘ನಿರ್ಗತಿಕರು’ ಎಂಬ ಒಂದು ಪದವಿತ್ತು. ನಾನು ಹೀಗೆ ಬರೆದೆ: ‘ಈ ತಾಯಿಗೆ ಲೋಕದಲ್ಲಿ ತನ್ನವರೆಂಬವರಿಲ್ಲ, ಈ ಕಿಟಕಿಯೇ ಆಕೆಯ ಬಂಧು.’ ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ವಾಕ್ಯ ಚೆನ್ನಾಗಿದೆಯೆಂದು ಹೆಮ್ಮೆಪಟ್ಟೆ.

ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಆಶ್ರಮದ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ನನ್ನ ಎದುರಿನ ಸಾಲಿನಲ್ಲಿಯೇ ಆ ವೃದ್ಧೆ ಇದ್ದಳು. ಪಕ್ಕದಲ್ಲಿ ಅರುವತ್ತರ ಹತ್ತಿರದ ಗಂಡಸೊಬ್ಬ. ನನ್ನ ವಾಕ್ಯ ಕೇಳಿಬಂದಾಗ ಆಕೆ ತೆರೆಯಿಂದ ಮುಖ ತಿರುಗಿಸಿ ಆತನತ್ತ ನೋಡಿ, ಆತನ ತೋಳಿನ ಮೇಲೆ ಕೈಯಿಟ್ಟಳು. ಕಾರ್ಯಕ್ರಮ ಮುಗಿದ ಮೇಲೆ ಆತ ನನ್ನನ್ನು ಹುಡುಕಿಕೊಂಡು ಬಂದ. ದೂರದ ಊರಿನ ಹೋಟೆಲಿನಲ್ಲಿ ಅಡುಗೆಯವನಂತೆ. ಕೋಪದ ಸುಳಿವಿಲ್ಲದೆ ಹೇಳಿದ: ‘ಸರ್, ಅಕ್ಕನಿಗೆ ಯಾರೂ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು? ನಾನು ತಿಂಗಳು ತಿಂಗಳು ಬರ್ತೇನಲ್ಲ.’

ನನಗೆ ಯಾರೂ ಹೇಳಿರಲಿಲ್ಲ. ಸಂಸ್ಥೆಯವರು ಸುಳ್ಳು ಹೇಳಿರಲಿಲ್ಲ. ಆಕೆಯನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವ ಗತಿ ತಮ್ಮನಿಗಿರಲಿಲ್ಲ. ಕ್ಯಾಮರಾ ಕೂಡ ಸುಳ್ಳು ಹೇಳಿರಲಿಲ್ಲ. ಆಕೆ ಕಿಟಕಿಯ ಬಳಿ ಕುಳಿತಿದ್ದುದು ನಿಜ. ಬಹುಶಃ ತಮ್ಮನ ದಾರಿಯನ್ನೇ ಕಾಯುತ್ತಿದ್ದಳು. ನಾನು ಕಾಣದುದಕ್ಕೆ ಸಾಕ್ಷಿ ನುಡಿದಿದ್ದೆ. ಒಂದು ವಾಕ್ಯದ ಅಂದಕ್ಕಾಗಿ, ಬದುಕಿರುವ ಒಬ್ಬ ತಮ್ಮನನ್ನು ಇಲ್ಲವಾಗಿಸಿದ್ದೆ.

ವಾಕ್ಯ ಬದಲಿಸಬೇಕೆಂದು ಸಂಸ್ಥೆಯನ್ನು ಕೇಳಿಕೊಂಡೆ. ‘ಈಗಿರುವುದೇ ದಾನಿಗಳ ಮನಸ್ಸಿಗೆ ಹೆಚ್ಚು ನಾಟುತ್ತದಲ್ಲ’ ಎಂದು ಅಲ್ಲಿಯ ಹಿರಿಯರೊಬ್ಬರು ಅನುಮಾನಿಸಿದರು. ‘ನಾಟುತ್ತದೆ, ಆದರೆ ತಮ್ಮನಿಗೂ ನಾಟಿತು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಈಗ ಆ ಚಿತ್ರದಲ್ಲಿರುವ ಮಾತು ಇಷ್ಟೇ: ‘ತಿಂಗಳಿಗೊಮ್ಮೆ ಇವರ ತಮ್ಮ ಬರುತ್ತಾರೆ. ಉಳಿದ ದಿನಗಳ ಆರೈಕೆ ಇಲ್ಲಿಯದು.’ ಅಲಂಕಾರವಿಲ್ಲದ ಮಾತು. ಸಂಸ್ಥೆ ನಿಜವಾಗಿ ಮಾಡುತ್ತಿರುವ ಕೆಲಸ ಮೊದಲಿನ ವಾಕ್ಯಕ್ಕಿಂತ ಇದರಲ್ಲಿಯೇ ಹೆಚ್ಚು ಕಾಣುತ್ತದೆ. ಆದರೆ ಮೊದಲಿನ ಪ್ರತಿ ಆಗಲೇ ದಾನಿಗಳಿಗೆ ಹೋಗಿತ್ತು. ಕೈಯಿಂದ ಕೈಗೆ ಹೋದ ವೀಡಿಯೊವನ್ನು ಹಿಂದಕ್ಕೆ ಕರೆಸುವ ಉಪಾಯವಿಲ್ಲ. ನಾನು ಕಾಣದ ಯಾವುದೋ ಊರಿನಲ್ಲಿ ಆಕೆ ಇಂದಿಗೂ ಯಾರೂ ಇಲ್ಲದವಳಾಗಿಯೇ ಕುಳಿತಿರಬಹುದು.

ಅಂದಿನಿಂದ ನಾನೂ ನನ್ನ ವಿದ್ಯಾರ್ಥಿಯೂ ಒಂದು ರೂಢಿ ಇಟ್ಟುಕೊಂಡಿದ್ದೇವೆ. ಚಿತ್ರದಲ್ಲಿ ಯಾರ ವಿಷಯ ಹೇಳಿದೆಯೋ ಅವರಿಗೆ ಆ ಮಾತನ್ನು ಮೊದಲು ಓದಿ ಹೇಳುವುದು. ಹಣ ಕೊಟ್ಟವರಿಗೆ ಆಮೇಲೆ. ಇದರಿಂದ ಒಂದೆರಡು ಕೆಲಸಗಳು ಕೈತಪ್ಪಿದ್ದೂ ಉಂಟು.

ಹಣ ಕೊಟ್ಟವರ ಚಿತ್ರ ಸತ್ಯವಾಗಿರಲಾರದು ಎನ್ನುವಂತಿಲ್ಲ. ಶ್ಯಾಮ್ ಬೆನೆಗಲ್ ಅವರ ‘ಮಂಥನ್’ 1976ರಲ್ಲಿ ಬಂದಿತು. ಗುಜರಾತಿನ ಸಹಕಾರಿ ಸಂಘಗಳ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ತಮ್ಮದೇ ಹಾಲಿನ ಸಂಘದ ಕಥೆಯಾದರೂ, ಊರೊಳಗಿನ ಜಾತಿಯ ಬಿರುಕನ್ನು ಆ ಚಿತ್ರ ಮುಚ್ಚಿಡಲಿಲ್ಲ. ಬೆನೆಗಲ್ ಅದಕ್ಕೆ ಮೊದಲು ವರ್ಷಗಟ್ಟಲೆ ಜಾಹೀರಾತು ಚಿತ್ರಗಳನ್ನು ತೆಗೆದವರೆಂಬುದನ್ನೂ ನೆನೆಯಬೇಕು.

ಈಗ ಪಂಪನಿಗೆ ಮರಳುತ್ತೇನೆ. ಒಡೆಯನನ್ನು ಅರ್ಜುನನಾಗಿ ಮೆರೆಯಿಸಿದ ಆ ಕವಿ, ಅರ್ಜುನನ ಎದುರಾಳಿಯಾದ ಕರ್ಣನಿಗೆ ಸಲ್ಲಬೇಕಾದ ಗೌರವದಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಓದುಗರು ಅವನ ಭಾರತದಲ್ಲಿ ಕರ್ಣನನ್ನು ಮರೆಯಲಾರರು. ಧಣಿಯ ಋಣವೂ ತೀರಿತು, ಸತ್ಯದ ಋಣವೂ ತೀರಿತು. ವ್ಯಾಪಾರಿಯ ಚಿತ್ರವಾಗಲಿ, ಧರ್ಮಸಂಸ್ಥೆಯ ಚಿತ್ರವಾಗಲಿ, ಅದರಲ್ಲಿಯೂ ಒಬ್ಬ ಕರ್ಣನಿರುತ್ತಾನೆ. ಬೀಜ ಒಡೆಯುವ ಹೆಂಗಸಿರಬಹುದು, ಕಿಟಕಿಯ ಬಳಿಯ ವೃದ್ಧೆಯಿರಬಹುದು, ತೆರೆಯ ಮೇಲೆ ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತ ತಮ್ಮನಿರಬಹುದು. ಅವನ ಪಾಲು ಅವನಿಗೆ ಸಂದಿತೇ ಎಂಬುದನ್ನು ಚಿತ್ರ ತೆಗೆಯುವವರು ಕೇಳಿಕೊಳ್ಳಲಿ; ಅದರಲ್ಲಿಯೂ ಮಾತು ಜೋಡಿಸುವ ನನ್ನಂಥವರು ಮೊದಲು ಕೇಳಿಕೊಳ್ಳಲಿ.



(ಆಕಾಶವಾಣಿಯ ಕೃಪೆಯಿಂದ)