ಸ್ಕ್ಯಾನಿಂಗ್‌ಗೆ ಹೊರಡುವ ಮುನ್ನ

(ತಾಯಂದಿರ ಸಭೆಯೊಂದರಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪಾಠ)



"ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ" ಎಂದು ವೈದ್ಯರು ಚೀಟಿ ಬರೆದುಕೊಟ್ಟೊಡನೆ ಹಳ್ಳಿಯ ಕುಟುಂಬದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಎಲ್ಲಿ ಮಾಡಿಸಬೇಕು? ಎಷ್ಟು ಹಣ ಬೇಕು? ಈ ಎರಡಕ್ಕೂ ಉತ್ತರ ತಿಳಿಸುವುದೇ ನನ್ನ ಇಂದಿನ ಉದ್ದೇಶ.

ಮೊದಲು ಒಂದು ಪ್ರಸಂಗವನ್ನು ಹೇಳುತ್ತೇನೆ. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಅತ್ತೆಯೊಬ್ಬರು, ಐದು ತಿಂಗಳ ಗರ್ಭಿಣಿಯಾದ ಸೊಸೆಯನ್ನು ಕರೆದುಕೊಂಡು ನೇರವಾಗಿ ನಗರದ ಖಾಸಗಿ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರು. ಆರೋಗ್ಯ ಕಾರ್ಡ್ ತೋರಿಸಿದರು. ಅದು ಅಲ್ಲಿ ನಡೆಯಲಿಲ್ಲ. ಸಾಲ ತಂದ ಹಣವನ್ನು ಕಟ್ಟಿ ಪರೀಕ್ಷೆ ಮಾಡಿಸಿದರು. ಮಾಸು ಗರ್ಭಕೋಶದ ಬಾಯಿಯ ಸಮೀಪದಲ್ಲಿದೆ, ಎಂಟನೆಯ ತಿಂಗಳಲ್ಲಿ ಮತ್ತೊಮ್ಮೆ ನೋಡಬೇಕು ಎಂದು ವರದಿಯಲ್ಲಿ ಬರೆದಿತ್ತು. ಆದರೆ ಎರಡನೆಯ ಸಲಕ್ಕೆ ಹಣವಿರಲಿಲ್ಲ, ಅವರು ಹೋಗಲಿಲ್ಲ. ಒಂದು ರಾತ್ರಿ ಸೊಸೆಗೆ ರಕ್ತಸ್ರಾವ ಪ್ರಾರಂಭವಾಯಿತು. 108 ವಾಹನ ಸಕಾಲಕ್ಕೆ ಬಂದುದರಿಂದ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ತಾಯಿ, ಮಗು ಇಬ್ಬರೂ ಉಳಿದರು. ಆಮೇಲೆ ಆ ಅತ್ತೆ ನನ್ನೆದುರು ಕುಳಿತು, "ಕಾರ್ಡ್ ಇತ್ರೀ ಸಾಹೇಬ್ರ, ರೊಕ್ಕ ಇರಲಿಲ್ರೀ" ಎಂದರು. ತಪ್ಪು ಅವರದಲ್ಲ. ಸರಿಯಾದ ಹಾದಿಯನ್ನು ಮೊದಲೇ ತಿಳಿಸದೆ ಇದ್ದ ನಮ್ಮದು.

ಕಾರ್ಡ್ ಎಲ್ಲಿ ನಡೆಯುತ್ತದೆ?

ಆರೋಗ್ಯ ಕರ್ನಾಟಕ ಯೋಜನೆಯು 2018ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯೊಡನೆ ಸೇರಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸಹಾಯವಿದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗ್ರಹಿಸಬೇಕು. ಈ ಯೋಜನೆಯು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ದಾಖಲಾಗುವ ಮೊದಲಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ಪರೀಕ್ಷೆಗಳು ಆ ಚಿಕಿತ್ಸೆಯ ಲೆಕ್ಕದಲ್ಲಿಯೇ ಸೇರುತ್ತವೆ. ಆದರೆ ಬೀದಿಯ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋಗಿ ಒಂದು ಪರೀಕ್ಷೆಯನ್ನಷ್ಟೇ ಮಾಡಿಸಿಕೊಂಡರೆ ಅದಕ್ಕೆ ಕಾರ್ಡ್ ಅನ್ವಯಿಸುವುದಿಲ್ಲ. ಆದ್ದರಿಂದ "ಕಾರ್ಡ್ ಒಪ್ಪುವ ಸ್ಕ್ಯಾನಿಂಗ್ ಡಾಕ್ಟರು ಯಾರು?" ಎಂದು ಹುಡುಕುವುದಕ್ಕಿಂತ, "ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆ ಯಾವುದು?" ಎಂದು ಕೇಳುವುದು ಯುಕ್ತ.

ಗರ್ಭಿಣಿಯರ ಹಾದಿ

ಗರ್ಭಿಣಿಯ ಸ್ಕ್ಯಾನಿಂಗ್‌ಗೆ ಕಾರ್ಡೇ ಬೇಕಾಗಿಲ್ಲ. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಆಕೆಗೆ ಸ್ಕ್ಯಾನಿಂಗ್ ಸೇರಿದಂತೆ ಅಗತ್ಯ ಪರೀಕ್ಷೆಗಳು ಉಚಿತ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಾಲ್ಕನೆಯ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ವೈದ್ಯರ ತಪಾಸಣೆ ನಡೆಯುತ್ತದೆ. ಅಂದು ತಾಯಿ ಕಾರ್ಡ್ ತೆಗೆದುಕೊಂಡು ತಪ್ಪದೆ ಹೋಗಿರಿ.

24 ವಾರಗಳೊಳಗೆ ಒಮ್ಮೆಯಾದರೂ ಸ್ಕ್ಯಾನಿಂಗ್ ಆಗಬೇಕು. ಮಗುವಿನ ಅಂಗಾಂಗಗಳನ್ನು ನೋಡಲು 18ರಿಂದ 20ನೆಯ ವಾರ ತಕ್ಕ ಸಮಯ. ಸುಗ್ಗಿ ಮುಗಿಯಲಿ, ಹೆಸರು ಮಾರಿದ ಹಣ ಕೈಗೆ ಬರಲಿ ಎಂದು ಕಾದರೆ ಆ ಸಮಯ ಮೀರಿಹೋಗುತ್ತದೆ. ಈ ಪರೀಕ್ಷೆಯಲ್ಲಿ ಬಳಸುವುದು ಕ್ಷ-ಕಿರಣವಲ್ಲ, ಕಿವಿಗೆ ಕೇಳಿಸದ ಧ್ವನಿತರಂಗ, ಆದುದರಿಂದ ಭಯಪಡಬೇಕಾಗಿಲ್ಲ. ಎಕ್ಸ್‌ರೇ ತೆಗೆಯುವಲ್ಲಿ ಮಾತ್ರ ಗರ್ಭಿಣಿಯೆಂಬುದನ್ನು ಮೊದಲೇ ತಿಳಿಸಬೇಕು.

ಗಂಡೋ ಹೆಣ್ಣೋ ಎಂದು ಕೇಳಬೇಡಿ. 1994ರ ಕಾಯಿದೆಯಂತೆ ಹೇಳುವುದೂ ಅಪರಾಧ, ಪತ್ತೆ ಮಾಡಿಸುವುದೂ ಅಪರಾಧ. ಮಾಡಿಸಿದವರಿಗೆ ಮೊದಲ ಸಲವೇ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಖಾಸಗಿ ಕೇಂದ್ರಕ್ಕೆ ಹೋಗಲೇಬೇಕಾದಲ್ಲಿ ಗೋಡೆಯ ಮೇಲೆ ನೋಂದಣಿ ಪತ್ರವಿದೆಯೇ ಎಂದು ನೋಡಿ ಒಳಗೆ ಹೋಗಿರಿ.

ಇತರ ರೋಗಿಗಳ ಹಾದಿ

ಮೂತ್ರಪಿಂಡದ ಕಲ್ಲು, ಹೊಟ್ಟೆಯ ಗಡ್ಡೆ, ತಲೆಗೆ ಪೆಟ್ಟು ಮೊದಲಾದವುಗಳಿಗೆ ಸ್ಕ್ಯಾನಿಂಗ್ ಅಥವಾ ಸಿ.ಟಿ. ಬೇಕಾದಾಗ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭಿಸಿರಿ. ನವಲಗುಂದ, ಕುಂದಗೋಳ, ಕಲಘಟಗಿ ತಾಲ್ಲೂಕು ಆಸ್ಪತ್ರೆಗಳಿವೆ. ಅಣ್ಣಿಗೇರಿಯವರಿಗೆ ಸರ್ಕಾರಿ ಆರೋಗ್ಯ ಕೇಂದ್ರವಿದೆ. ಅಲ್ಲಿಗೆ ಮೀರಿದ ಕೆಲಸಕ್ಕೆ ಧಾರವಾಡದ ಜಿಲ್ಲಾ ಆಸ್ಪತ್ರೆ ಇದೆ. ಜನರು ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಯೇ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರವಿದ್ದರೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಸೌಲಭ್ಯ ದೊರೆಯುತ್ತದೆ. ಪ್ರಾಣಾಪಾಯದ ತುರ್ತು ಸ್ಥಿತಿಯಲ್ಲಿ ಪತ್ರಕ್ಕಾಗಿ ಕಾಯಬೇಡಿ. ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಿರಿ.

ಒಂದು ಸತ್ಯವನ್ನು ಮರೆಮಾಚಲಾರೆ. ಯಂತ್ರವಿದ್ದಲ್ಲೆಲ್ಲ ತಜ್ಞರು ದಿನವೂ ಇರುವುದಿಲ್ಲ. ಎರೆ ಭೂಮಿಯ ಕೆಸರಿನಲ್ಲಿ ನಡೆದು, ಬಸ್ಸು ಹಿಡಿದು ಬಂದ ಗರ್ಭಿಣಿ "ಇಂದು ಡಾಕ್ಟರಿಲ್ಲ" ಎಂಬ ಮಾತು ಕೇಳಿ ಹಿಂದಿರುಗುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆದುದರಿಂದ ಹೊರಡುವ ಮುನ್ನ ಆಶಾ ಕಾರ್ಯಕರ್ತೆಯ ಮೂಲಕ ಇಷ್ಟನ್ನು ವಿಚಾರಿಸಿರಿ:

1. ತಜ್ಞರು ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ?
2. ಈ ಪರೀಕ್ಷೆ ಅಲ್ಲಿ ಉಚಿತವೇ?
3. ಇಲ್ಲವಾದರೆ ರೆಫರಲ್ ಪತ್ರ ಯಾರು ಕೊಡುತ್ತಾರೆ?
4. ಆಸ್ಪತ್ರೆಯು ನನ್ನ ಕಾಯಿಲೆಯ ಚಿಕಿತ್ಸೆಗೆ ನೋಂದಾಯಿತವಾಗಿದೆಯೇ?

ನಾಲ್ಕನೆಯ ಪ್ರಶ್ನೆಯನ್ನು ಮರೆಯಬೇಡಿ. ಕಣ್ಣಿನ ಚಿಕಿತ್ಸೆಗೆ ನೋಂದಾಯಿಸಿದ ಆಸ್ಪತ್ರೆಯಲ್ಲಿ ಕಲ್ಲಿನ ಚಿಕಿತ್ಸೆಗೆ ಸೌಲಭ್ಯ ದೊರೆಯದಿರಬಹುದು. 14555 ಅಥವಾ 1800 425 8330 ಉಚಿತ ದೂರವಾಣಿಯಲ್ಲಿ ಕೇಳಬಹುದು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕಾಣಿರಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಹಳೆಯ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಕಾಪಾಡಿ ತನ್ನಿರಿ. ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚು ತಪ್ಪುತ್ತದೆ.

ಹಣ ಕಟ್ಟುವ ಮುನ್ನ ಹಾದಿಯನ್ನು ಕೇಳಿರಿ. ವರದಿಯಲ್ಲಿ "ಮತ್ತೆ ಬನ್ನಿ" ಎಂದು ಬರೆದಿದ್ದರೆ ತಪ್ಪದೆ ಹೋಗಿರಿ. ಹಣವಿಲ್ಲವೆಂಬ ಸಂಕೋಚದಿಂದ ಮನೆಯಲ್ಲಿ ಉಳಿಯಬೇಡಿ. ನಮ್ಮ ಬಳಿಗೆ ಬನ್ನಿರಿ. ನಿಮಗೆ ಹಾದಿ ತೋರಿಸುವುದು ನಮ್ಮ ಕರ್ತವ್ಯ.