ಒಗೆಯುವ ಕಲ್ಲು

ಪೆಸಿಫಿಕ್ ಸಾಗರದ ಬೂಗನ್‌ವಿಲ್ ದ್ವೀಪದ ಕಾಡಿನಲ್ಲಿ ಒಂದು ಜಪಾನೀ ವಿಮಾನದ ಮುರುಕು ಬಿದ್ದಿದೆ. 1943ರ ಏಪ್ರಿಲ್ 18ರಂದು ನೌಕಾಧಿಪತಿ ಯಮಮೊಟೊ ಕುಳಿತಿದ್ದಾಗ ಅಮೆರಿಕನ್ನರು ಹೊಡೆದುರುಳಿಸಿದ ವಿಮಾನ ಅದು. ಅದನ್ನು ನೋಡಲೆಂದೇ ದೂರದೇಶದ ಜನ ಕಾಡು ಹೊಕ್ಕು ನಡೆಯುತ್ತಾರೆ. ರಣದ ಕುರುಹು ಕಾಣಲು ದಾವಣಗೆರೆಯವರು ಅಷ್ಟು ದೂರ ಹೋಗಬೇಕಾದ್ದಿಲ್ಲ.

ಉಚ್ಚಂಗಿದುರ್ಗ ಹತ್ತಿರವೇ ಉಂಟು. ಹುಣ್ಣಿಮೆಗೆ ಗುಡ್ಡ ಹತ್ತುವ ಭಕ್ತರು ತಾವು ತುಳಿಯುವುದು ರಣಭೂಮಿಯನ್ನೆಂದು ನೆನೆಯುವುದು ಅಪರೂಪ. ಚೋಳರು ಹನ್ನೆರಡು ವರ್ಷ ಮುತ್ತಿ ಕೈಬಿಟ್ಟ ಕೋಟೆ ಎನ್ನುತ್ತದೆ ಶಾಸನ. ಶಾಸನಕವಿಗಳ ಲೆಕ್ಕವನ್ನು ತುಸು ತಗ್ಗಿಸಿಯೇ ಓದಬೇಕೆನ್ನಿ. 1177ರಲ್ಲಿ ಹೊಯ್ಸಳ ವೀರಬಲ್ಲಾಳನು ಅದನ್ನು ಪಾಂಡ್ಯ ಕಾಮದೇವನಿಂದ ಗೆದ್ದ. ಗೆದ್ದದ್ದು ಶನಿವಾರವಂತೆ, ‘ಶನಿವಾರಸಿದ್ಧಿ’, ‘ಗಿರಿದುರ್ಗಮಲ್ಲ’ ಎಂಬ ಬಿರುದುಗಳು ಬಂದವು. ಶರಣಾದ ಕಾಮದೇವನಿಗೆ ರಾಜ್ಯವೂ ಮರಳಿ ದೊರೆಯಿತು.

ಸತ್ತ ಕಾಲಾಳುಗಳಿಗೆ ದೊರೆತದ್ದೇನು? ವೀರಗಲ್ಲು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ, ಪಟ್ಟಿಕೆಗಳ ನಡುವೆ ಬರಹ.

ಹರಿಹರದಲ್ಲಿ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ ಪೋಲಾಳ್ವ ದಂಡನಾಯಕನ ಹೆಸರು ಇಂದಿಗೂ ಉಳಿದಿದೆ. ಅದೇ ಹೊಳೆಯ ದಂಡೆಯ ನಮ್ಮೂರಲ್ಲಿ ಒಂದು ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗಿತ್ತು. ಇದೇಕೆ ತಾಯಿ ಎಂದರೆ, “ಅಕ್ಷರ ಇರೋ ಮಗ್ಗುಲು ಒರಟು ನೋಡಿ, ಕೊಳೆ ಚೆನ್ನಾಗಿ ಬಿಡ್ತೈತಿ” ಎಂದರು. ವೀರನ ಹೆಸರು ಸಬೂನಿನೊಡನೆ ಹೋಗಿದೆ. ಅವನ ಊರಿನ ಹೆಸರಿನ ಕಡೆಯ ಎರಡಕ್ಷರ ಮಾತ್ರ ಉಳಿದಿವೆ. ಬೇರೊಂದು ಚಪ್ಪಡಿ ಹಾಕಿಕೊಟ್ಟರೆ ಕಲ್ಲು ಬಿಟ್ಟುಕೊಡುವುದಾಗಿ ಹೆಂಗಸರು ಒಪ್ಪಿದ್ದಾರೆ. ಚಪ್ಪಡಿ ಬಂದಿದೆ; ಹೊಳೆ ಇಳಿಯಲೆಂದು ಕಾದಿದ್ದೇವೆ.